ಅಕ್ಕ ಕಾಯುತ್ತಿದ್ದ ಬೆಳಕು

ನಾನು ಮಾಡುತ್ತಿದ್ದ ಕೆಲಸ ಏನೆಂದು ನಮ್ಮ ಮನೆಯಲ್ಲಿ ಯಾರಿಗೂ ಸರಿಯಾಗಿ ತಿಳಿದಿರಲಿಲ್ಲ. ಭಾವನಂತೂ ಗಾಂಧಿ ಬಜಾರಿನ ತಮ್ಮ ತರಕಾರಿ ಅಂಗಡಿಗೆ ಬಂದವರಿಗೆಲ್ಲ, “ನಮ್ಮ ನಾದಿನಿ ಪೇಂಟ್ ಫ್ಯಾಕ್ಟ್ರೀಲಿ ಸೈಂಟಿಸ್ಟು” ಎಂದು ಹೇಳಿಬಿಟ್ಟಿದ್ದರು. ಪೇಂಟೂ ಸುಳ್ಳು, ಫ್ಯಾಕ್ಟರಿಯೂ ಸುಳ್ಳು. ಸೈಂಟಿಸ್ಟಂತೂ ನಾನಿನ್ನೂ ಆಗಿರಲಿಲ್ಲ, ಮಲ್ಲೇಶ್ವರದ ಆಚೆ ಒಂದು ಲ್ಯಾಬಿನಲ್ಲಿ ಪಿಎಚ್‌ಡಿಗೆಂದು ಹೆಣಗುತ್ತಿದ್ದೆ. ನನಗೋ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. “ಗೊತ್ತಿಲ್ದಿದ್ರೆ ಸುಮ್ನಿರಬಾರ್ದಾ ಭಾವ” ಎಂದು ಹಾರಾಡಿದರೆ ಅವರು ಬದನೆಕಾಯಿ ಒರೆಸುತ್ತ, “ಬಣ್ಣ ತಾನೇ ಮಾಡೋದು? ಅಷ್ಟೇ ಬಿಡು” ಎನ್ನುತ್ತಿದ್ದರು.

ಕೂಡಿಸಿಕೊಂಡು ಕೇಳಿದವಳು ಅಕ್ಕ ಒಬ್ಬಳೇ.

ಅಕ್ಕ ನನಗಿಂತ ಹನ್ನೊಂದು ವರ್ಷ ದೊಡ್ಡವಳು. ಅಪ್ಪ ಬೇಗ ಹೋಗಿದ್ದರು. ತೊಂಬತ್ತರ ದಶಕದ ಶುರುವಿನಲ್ಲಿ, ನಾನು ಏಳನೇ ಕ್ಲಾಸಿನಲ್ಲಿದ್ದಾಗ, ಚಾಮರಾಜಪೇಟೆಯ ವಠಾರದಲ್ಲಿ ಅಮ್ಮನೂ ತೀರಿಕೊಂಡಳು. ತಿಥಿ ಮುಗಿದ ಸಂಜೆ ಅಕ್ಕ ನನ್ನ ಬಟ್ಟೆಬರೆಯನ್ನು ಒಂದು ತರಕಾರಿ ಚೀಲಕ್ಕೆ ತುಂಬಿ, ಯಾರನ್ನೂ ಒಂದು ಮಾತು ಕೇಳದೆ, ಹನುಮಂತನಗರದ ತನ್ನ ಗಂಡನ ಮನೆಗೆ ಕರೆದುಕೊಂಡು ಹೋದಳು. ಅವಳಿಗೆ ಮಕ್ಕಳಾಗಲಿಲ್ಲ. ಆ ಮನೆಯಲ್ಲಿ ಮಗಳು, ತಂಗಿ, ಜಗಳಗಂಟಿ ಎಲ್ಲ ನಾನೇ ಆಗಿದ್ದೆ.

ನಮ್ಮದು ಮೊದಲಿನಿಂದ ತರಕಾರಿಯ ಮನೆತನ. ತಾತನ ಕಾಲದಲ್ಲಿ ತೋಟವಿತ್ತಂತೆ, ಬೆಳೆದು ಮಾರುತ್ತಿದ್ದರಂತೆ. ತೋಟದ ಮೇಲೆ ಮನೆಗಳೆದ್ದ ಮೇಲೆ ಮಾರುವುದೊಂದೇ ಉಳಿಯಿತು. ಅಕ್ಕ ಅಂಗಡಿಯಲ್ಲಿ ಸೊಪ್ಪಿನ ಕಡೆ ಕೂರುತ್ತಿದ್ದಳು. ಅವಳ ಬಾಯಿಗೆ ಗಾಂಧಿ ಬಜಾರೇ ಹೆದರುತ್ತಿತ್ತು. ಯಾರ ಮೊದಲ ಮಾತನ್ನೂ ಅವಳು ನಂಬಿದವಳಲ್ಲ. ಬಟ್ಟೆ ಅಂಗಡಿಯವನು ಹೇಳಿದ ರೇಟನ್ನೂ ನಂಬಳು, ಟಿವಿಯ ಹವಾಮಾನವನ್ನೂ ನಂಬಳು. ಒಮ್ಮೆ ನನ್ನ ಕಣ್ಣು ಪರೀಕ್ಷೆ ಮಾಡಿದ ಡಾಕ್ಟರ ಹತ್ತಿರ, “ಒಂದೂವರೆ ಪವರ್ ಬೇಡ ಸಾರ್, ಒಂದಕ್ಕೆ ಮಾಡ್ಕೊಡಿ” ಎಂದು ಚೌಕಾಸಿ ಮಾಡಿದ್ದಳು. ನಾನು ನಾಚಿಕೆಯಿಂದ ಸತ್ತೇ ಹೋಗಿದ್ದೆ.

ಅಂಥವಳಿಗೆ ನನ್ನ ಕೆಲಸವನ್ನು ಒಂದು ಭಾನುವಾರ ಅಡುಗೆಮನೆಯಲ್ಲಿ ಕೂತು ಹೇಳಿದೆ. ಅವಳು ಮುದ್ದೆಗೆ ಎಸರು ಇಟ್ಟಿದ್ದಳು. ಪಾಲಿಮರ್ ಅಂದರೆ ಉದ್ದುದ್ದ ಎಳೆಯಂಥ ಪದಾರ್ಥ, ಪ್ಲಾಸ್ಟಿಕ್ಕಿನ ಜಾತಿಯದು. ಅದನ್ನು ಮೂಗಿಗೆ ಹೊಡೆಯುವ ಒಂದು ದ್ರಾವಕದಲ್ಲಿ ಕರಗಿಸುತ್ತೇವೆ, ಅದರ ಜೊತೆಗೆ ಬೆಳಕು ಬಿದ್ದರೆ ಹೊಳೆಯುವ ಬಣ್ಣ ಸೇರಿಸುತ್ತೇವೆ. ಆಮೇಲೆ ಸಿರಿಂಜಿನಲ್ಲಿ ಎಳೆದು, ಗಿರ್ರನೆ ತಿರುಗುತ್ತಿರುವ ನೀರಿಗೆ ಒಂದೇ ಸಲ ಒತ್ತಿಬಿಡುತ್ತೇವೆ. ಪಾಲಿಮರಿಗೆ ನೀರು ಕಂಡರೆ ಆಗುವುದಿಲ್ಲ. ಕಣ್ಣು ಮಿಟುಕಿಸುವುದರೊಳಗೆ ಬಣ್ಣವನ್ನು ಒಳಗೆ ಹಿಡಿದುಕೊಂಡು ಮುದುರಿ ಉಂಡೆಯಾಗಿಬಿಡುತ್ತದೆ. ಆ ಉಂಡೆ ಎಷ್ಟು ಸಣ್ಣದೆಂದರೆ ಒಂದು ಕೂದಲೆಳೆಯ ದಪ್ಪಕ್ಕೆ ಸಾವಿರದಷ್ಟು ಸಾಲಾಗಿ ನಿಲ್ಲಬೇಕು. ಅದಕ್ಕೇ ಹೆಸರು ನ್ಯಾನೋ ಕಣ. ಅದು ಜೀವಕೋಶದ ಒಳಗೆ ಹೋಗಿ ಹೊಳೆದರೆ, ಒಳಗಿರುವುದು ಮೈಕ್ರೋಸ್ಕೋಪಿಗೆ ಕಾಣುತ್ತದೆ.

ಅಕ್ಕ ಕುದಿಯುವ ನೀರಿಗೆ ಹಿಟ್ಟು ಹಾಕಿ ಕೋಲಿನಿಂದ ತಿರುವುತ್ತ ಎಲ್ಲ ಕೇಳಿಸಿಕೊಂಡಳು.

“ಅಂದ್ರೆ ನೀರಲ್ಲಿ ಗಂಟು ಕಟ್ಸೋದು.”

“ಹೂಂ, ಒಂದೇ ಸಮದ ಗಂಟು. ಒಂದು ದಪ್ಪ ಒಂದು ಸಣ್ಣ ಆದ್ರೆ ಎಲ್ಲಾ ಚೆಲ್ಬೇಕು.”

“ಅದಕ್ಕೆ ಸಂಬಳ ಬೇರೆ ಕೊಡ್ತಾರಾ? ನಾನು ಮುದ್ದೇಲಿ ಗಂಟು ಮಾಡಿದ್ದಕ್ಕೆ ನಮ್ಮತ್ತೆ ಸಾಯೋವರ್ಗೂ ಅಂದಾಡ್ಕೊಂಡು ಹೋದ್ರಲ್ಲೇ!”

ಅವಳು ನಕ್ಕರೆ ಪಕ್ಕದ ಮನೆಯವರು ಏನಾಯಿತೆಂದು ಇಣುಕುತ್ತಿದ್ದರು. ಅವತ್ತೂ ಇಣುಕಿದರು.

ಎರಡು ಸಾವಿರದ ದಶಕದ ನಡುವಿನ ಒಂದು ಆಯುಧಪೂಜೆಗೆ ಅಕ್ಕನನ್ನು ಲ್ಯಾಬಿಗೆ ಕರೆದುಕೊಂಡು ಹೋದೆ. ಹೊರಗಿನವರು ನಂಬುತ್ತಾರೋ ಇಲ್ಲವೋ, ನಮ್ಮ ಬೆಂಗಳೂರಿನ ಲ್ಯಾಬುಗಳಲ್ಲಿ ಆಯುಧಪೂಜೆ ಜೋರಾಗಿಯೇ ನಡೆಯುತ್ತದೆ. ಲೇಥು, ಬಸ್ಸು, ಆಟೋ ಎಲ್ಲಕ್ಕೂ ಪೂಜೆ ಆಗುವಾಗ ಸೀಸೆಗಳನ್ನು ಗಿರಗಿರನೆ ತಿರುಗಿಸುವ ನಮ್ಮ ಸೆಂಟ್ರಿಫ್ಯೂಜು ಏನು ಪಾಪ ಮಾಡಿತ್ತು? ಹಿಂದಿನ ದಿನವೇ ಎಲ್ಲ ಯಂತ್ರ ಒರೆಸಿ, ಮುಚ್ಚಳದ ಮೇಲೆ ಕುಂಕುಮ ಇಟ್ಟು, ಚೆಂಡುಹೂವು ಕಟ್ಟುತ್ತಿದ್ದೆವು. ಆ ವರ್ಷದ ಬಾಳೆಕಂದು, ಬೂದುಗುಂಬಳ, ಸೇವಂತಿಗೆ ಎಲ್ಲ ಅಕ್ಕನದೇ. ಆಟೋದಲ್ಲಿ ಹೇರಿಕೊಂಡು ಬಂದಿದ್ದಳು. ಮೈಕ್ರೋಸ್ಕೋಪಿನ ಲೆನ್ಸಿಗೇ ಅರಿಶಿನ ಹಚ್ಚಲು ಹೋದಾಗ ನಮ್ಮ ಮೇಷ್ಟ್ರು “ಅಮ್ಮಾ, ಅಮ್ಮಾ, ಅಲ್ಲಿ ಬೇಡಿ” ಎಂದು ಓಡಿಬಂದರು. ನನಗೆ ಸಂಶೋಧನೆ ಕಲಿಸುತ್ತಿದ್ದ ಅವರನ್ನು ಗೈಡ್ ಎಂದು ಕರೆಯಲು ನನ್ನ ಬಾಯಿ ಏಳುತ್ತಿರಲಿಲ್ಲ. ಮೇಷ್ಟ್ರೆಂದೇ ಕರೆದೆ.

ಪೂಜೆ ಆದ ಮೇಲೆ ಅಕ್ಕನಿಗೆ ಕತ್ತಲ ಕೋಣೆ ತೋರಿಸಿದೆ. ಬೆಳಕು ತಾಗಿದರೆ ಬಣ್ಣ ಮಾಸುತ್ತದೆಂದು ಕಣಗಳಿದ್ದ ಸೀಸೆಗೆ ಬೆಳ್ಳಿ ಬಣ್ಣದ ಫಾಯಿಲ್ ಹಾಳೆ ಸುತ್ತಿಟ್ಟಿರುತ್ತಿದ್ದೆ. ಬಿಚ್ಚಿದರೆ ನೀರುಮಜ್ಜಿಗೆಯಂಥ ನೀರು, ನೋಡಲು ಏನೂ ಇಲ್ಲ. ದೀಪ ಆರಿಸಿ ನೇರಳೆ ಲ್ಯಾಂಪು ಹಿಡಿದೆ. ಸೀಸೆ ಪೂರ್ತಿ ಎಳೆ ಹಸಿರಾಗಿ ಬೆಳಗಿತು. “ಅವ್ವಯ್ಯಾ!” ಎಂದು ಅಕ್ಕ ನನ್ನ ತೋಳು ಹಿಡಿದಳು. ಆಮೇಲೆ ಮೈಕ್ರೋಸ್ಕೋಪಿಗೆ ಸೇರಿಸಿದ್ದ ಕಂಪ್ಯೂಟರಿನಲ್ಲಿ ಕ್ಯಾನ್ಸರ್ ಜೀವಕೋಶಗಳ ಚಿತ್ರ ತೋರಿಸಿದೆ. ಒಂದೊಂದೂ ಹಸಿರಾಗಿ, ನಡುವೆ ಕಪ್ಪು ಬಿಟ್ಟುಕೊಂಡು ಹೊಳೆಯುತ್ತಿತ್ತು. ಹಿಂದಿನ ವಾರವಷ್ಟೇ ಬಂದಿದ್ದ ಚಿತ್ರ ಅದು, ನಾನು ನೆಲದ ಮೇಲೆ ನಿಂತಿರಲಿಲ್ಲ.

“ಯಾರ್ದೇ ಇದು?” ಅಕ್ಕ ಕೇಳಿದಳು.

“ಯಾವ್ದೋ ದೇಶದ ಹೆಂಗಸಿಂದು. ಅವಳು ಸತ್ತು ಎಷ್ಟೋ ವರ್ಷ ಆಯ್ತು. ಅವಳ ಗಡ್ಡೇಲಿದ್ದ ಜೀವಕೋಶ ಮಾತ್ರ ಇನ್ನೂ ಬೆಳೀತಾನೇ ಇದೆ. ದಿನ ಬಿಟ್ಟು ದಿನ ನಾವೇ ಊಟ ಹಾಕ್ತೀವಿ.”

“ಅಯ್ಯೋ ಪಾಪ. ಅವಳಿಗೆ ಎಡೆ ಗಿಡೆ ಇಡೋರು ಇದಾರೇನೇ ಯಾರಾದ್ರೂ?”

ಅಕ್ಕ ಸೆರಗಿನಲ್ಲಿದ್ದ ಕಡಲೆಪುರಿಯಲ್ಲಿ ಒಂದು ಹಿಡಿ ತೆಗೆದು, ಜೀವಕೋಶಗಳನ್ನು ಬೆಚ್ಚಗಿಡುವ ಪೆಟ್ಟಿಗೆಯ ಮುಂದೆ ಇಟ್ಟು ಕೈಮುಗಿದಳು. ಆಮೇಲೆ ತಿರುಗಿ, ಸೊಪ್ಪಿನ ಕಂತೆ ಪರೀಕ್ಷಿಸುವವಳ ಮುಖ ಮಾಡಿಕೊಂಡು, “ಗಡ್ಡೆ ಯಾವ್ದು, ಒಳ್ಳೇದ್ಯಾವ್ದು ಅಂತ ಇದಕ್ಕೆ ಹೆಂಗೆ ಗೊತ್ತಾಗುತ್ತೆ?” ಎಂದಳು.

“ಕಣದ ಮೈಮೇಲೆ ಒಂದು ವಿಳಾಸ ಅಂಟಿಸಿರ್ತೀವಿ ಅಂದ್ಕೋ. ಕೆಟ್ಟ ಜೀವಕೋಶದ ಬಾಗಿಲಿಗೆ ಮಾತ್ರ ಅದು ಹೊಂದುತ್ತೆ.”

“ಹಂಗಾದ್ರೆ ಚುಚ್ಚೋದು, ಕುಯ್ಯೋದು ಬೇಡ್ವಾ?”

“ಮುಂದೆ ಯಾವತ್ತಾದ್ರೂ ಬೇಡದೇ ಹೋಗ್ಬೋದು.”

ಮನೆಗೆ ಹೋಗುವ ದಾರಿಯಲ್ಲಿ, ಮೆಜೆಸ್ಟಿಕ್ಕಿನಲ್ಲಿ ಬಸ್ಸು ಬದಲಿಸುವಾಗ ಕೂಡ, ಅಕ್ಕ ನನ್ನ ಕೈ ಬಿಡದೆ ಹಿಡಿದುಕೊಂಡಿದ್ದಳು. ನನ್ನ ಕೆಲಸ ನೋಡಿ ಹೆಮ್ಮೆಯಾಗಿದೆ ಎಂದುಕೊಂಡು ನಾನು ಉಬ್ಬಿದೆ.

ದೀಪಾವಳಿಯ ನರಕ ಚತುರ್ದಶಿಗೆ ನನಗೆ ವಿಷಯ ಗೊತ್ತಾಯಿತು. ಪ್ರತಿ ವರ್ಷ ಅಕ್ಕನೇ ನನ್ನ ತಲೆಗೆ ಎಣ್ಣೆ ತಟ್ಟಿ, ಕಣ್ಣು ಉರಿಯುವಷ್ಟು ಸೀಗೆಪುಡಿ ಹಾಕಿ, ನಾನು ಮೂವತ್ತರ ಹತ್ತಿರ ಬಂದರೂ ಮಗುವಿನ ಹಾಗೆ ತಿಕ್ಕುತ್ತಿದ್ದಳು. ಆ ಸಲ, “ನೀನು ಕೂತ್ಕೋ, ನಾನು ಹಚ್ತೀನಿ” ಎಂದು ಹಟ ಮಾಡಿದೆ. ಬೇಡ ಬೇಡ ಎಂದಳು. ನಾನು ಬಿಡಬೇಕಲ್ಲ? ಬೆನ್ನಿಗೆ ಎಣ್ಣೆ ಉಜ್ಜುತ್ತ ಕೈ ಮುಂದಕ್ಕೆ ಬಂದಾಗ ಎಡ ಕಂಕುಳಿನ ಕೆಳಗೆ ಬೆರಳಿಗೆ ಏನೋ ಗಟ್ಟಿಯಾಗಿ ಸಿಕ್ಕಿತು. ನಿಂಬೆಹಣ್ಣಿನಷ್ಟಿತ್ತು. ಜರುಗಲಿಲ್ಲ.

“ಇದೇನಕ್ಕ?”

“ಇದೆ ಅದು. ನೀನು ತಿಕ್ಕು.”

“ಯಾವಾಗಿಂದ?”

“ಯುಗಾದಿ ಹೊತ್ತಿಗೆ ಸಣ್ಣಕ್ಕಿತ್ತು.”

ಬಚ್ಚಲಲ್ಲೇ ಕಿರುಚಾಡಿದೆ. ಹುಚ್ಚು ಹಿಡಿದಿದೆಯಾ, ಇಷ್ಟು ತಿಂಗಳು ಬಾಯಿ ಹೊಲಿದುಕೊಂಡಿದ್ದೆಯಾ, ಭಾವನಿಗೆ ಗೊತ್ತಾ ಎಂದೆಲ್ಲ ಅರಚಿದೆ. ಅಕ್ಕ ಎಣ್ಣೆ ಮೈಯಲ್ಲೇ ತಿರುಗಿ ಕೂತು ನನ್ನ ಬಾಯಿಗೆ ಕೈ ಅಡ್ಡ ಹಿಡಿದಳು. ಹಬ್ಬದ ದಿನ ಬೀದಿಗೆಲ್ಲ ಕೇಳಿಸಬೇಕಾ ಎಂದಳು.

“ನಾನು ಎಲ್ಲಾ ಯೋಚ್ನೆ ಮಾಡಿದೀನಿ ಕಣೇ. ಮೊದ್ಲು ಭಯ ಆಗೋದು, ನಿದ್ದೇನೇ ಬರ್ತಿರ್ಲಿಲ್ಲ. ನಿಮ್ಮ ಲ್ಯಾಬಿಗೆ ಬಂದ್ನಲ್ಲ, ಅವತ್ತೇ ಭಯ ಹೋಯ್ತು. ನಿನ್ನ ಬೆಳಕು ಹಾಕು ನಂಗೆ. ಎಲ್ಲೆಲ್ಲಿದೆ ಅಂತ ಅದೇ ತೋರಿಸ್ಲಿ. ಆಮೇಲೆ ಕರೆಂಟಲ್ಲಿ ಸುಡ್ಲಿ, ಮಾತ್ರೆ ಕೊಡ್ಲಿ, ಏನಾದ್ರೂ ಮಾಡ್ಲಿ. ಸೂಜಿ ಮಾತ್ರ ಚುಚ್ಚಿಸ್ಕೊಳ್ಳಲ್ಲ.”

ಸೂಜಿಯ ಭಯಕ್ಕೆ ಕಾರಣವಿತ್ತು. ಮಾರ್ಕೆಟ್ಟಿನಲ್ಲಿ ಅಕ್ಕನ ಪಕ್ಕ ಕೂತು ಕರಿಬೇವು ಮಾರುತ್ತಿದ್ದ ಹೆಂಗಸಿಗೆ ಹೀಗೇ ಗಡ್ಡೆ ಬಂದಿತ್ತು. ಡಾಕ್ಟರು ಪರೀಕ್ಷೆಗೆಂದು ಸೂಜಿ ಚುಚ್ಚಿ ಒಂದಿಷ್ಟು ತೆಗೆದರು. ಮೂರೇ ತಿಂಗಳಲ್ಲಿ ಅವಳು ಹೋದಳು. ಅಲ್ಲಿಂದ ಮುಂದೆ ಇಡೀ ಸಾಲಿನ ಹೆಂಗಸರಿಗೆಲ್ಲ ಅದೇ ವೇದವಾಕ್ಯ: ಗಡ್ಡೆಗೆ ಸೂಜಿ ತಾಗಬಾರದು, ಕೆಣಕಿದರೆ ಕೆರಳಿ ಮೈಯೆಲ್ಲ ಹರಡುತ್ತದೆ. ಅವಳು ಡಾಕ್ಟರ ಹತ್ತಿರ ಹೋಗಿದ್ದೇ ತಡವಾಗಿ, ಸತ್ತದ್ದು ಸೂಜಿಯಿಂದ ಅಲ್ಲ ಎಂದು ನಾನು ಹೇಳಿದೆ. ಎಷ್ಟು ಸಲ ಹೇಳಿದೆ! ಸಣ್ಣದಿರುವಾಗಲೇ ಕುಯ್ದರೆ ಬದುಕುತ್ತೀಯ, ತಡ ಮಾಡಿದರೆ ಸಾಯುತ್ತೀಯ ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿದೆ. ಅಕ್ಕನದು ತಾನು ಹಿಡಿದ ಮೊಲಕ್ಕೆ ಮೂರೇ ಕಾಲು.

“ಅಕ್ಕ, ಆ ಬೆಳಕು ಮನುಷ್ಯರಿಗೆ ಹಾಕೋದಲ್ಲ. ಇನ್ನೂ ತಟ್ಟೇಲಿರೋ ಜೀವಕೋಶಕ್ಕೆ ಹಾಕಿ ನೋಡ್ತಿದೀವಿ ಅಷ್ಟೇ. ಇಲ್ಲ ಅದು.”

“ಇಲ್ಲ ಅಂದ್ರೆ? ನನ್ನ ಕಣ್ಣಾರೆ ನೋಡಿದೀನಿ.”

ವಾರ ಕಳೆದ ಮೇಲೆ ಮೇಷ್ಟ್ರಿಗೆ ಎಲ್ಲ ಹೇಳಿಕೊಂಡು ಅತ್ತೆ. ಅವರು ಮಲ್ಲೇಶ್ವರದಿಂದ ಅಷ್ಟು ದೂರ, ತರಕಾರಿ ಕೊಳ್ಳುವ ನೆಪ ಮಾಡಿಕೊಂಡು ಗಾಂಧಿ ಬಜಾರಿಗೆ ಬಂದರು. ಸಂಜೆಯ ಹೊತ್ತು, ಅಂಗಡಿ ಮುಂದೆ ನಾಲ್ಕೈದು ಗಿರಾಕಿಗಳಿದ್ದರು. ಬೀನ್ಸು ಆರಿಸುತ್ತ ಅವರು ಮೆತ್ತಗೆ, “ನೋಡಮ್ಮ, ನಾವು ಮಾಡ್ತಿರೋದು ಇಲಿಗೂ ಇನ್ನೂ ಕೊಟ್ಟಿಲ್ಲ. ಮನುಷ್ಯರಿಗೆ ಬರೋ ಹೊತ್ತಿಗೆ ನಾನಿರ್ತೀನೋ ಇಲ್ವೋ. ದಯವಿಟ್ಟು ಡಾಕ್ಟರಿಗೆ ತೋರ್ಸಿ” ಎಂದರು.

“ಆಯ್ತು ಸಾರ್, ಆಯ್ತು” ಎಂದು ಅಕ್ಕ ಅವರ ಚೀಲಕ್ಕೆ ಒಂದು ಕಟ್ಟು ಕೊತ್ತಂಬರಿ ಸೇರಿಸಿದಳು. ಅವರು ತಿರುವು ದಾಟಿದ ಮೇಲೆ ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದಳು. “ಒಳ್ಳೇ ಮನುಷ್ಯ. ಪಾಪ, ಎಲ್ಲರ ಎದುರಿಗೆ ಹೇಗೆ ಹೇಳ್ತಾರೆ?”

ನನಗೆ ಅವತ್ತು ಅರ್ಥವಾಯಿತು, ಅಕ್ಕ ಯಾಕೆ ನಂಬುತ್ತಿಲ್ಲ ಎಂದು. ನಮ್ಮ ವ್ಯಾಪಾರದಲ್ಲಿ ಒಂದು ಪದ್ಧತಿ ಇದೆ. ಮೊದಲ ಮಳೆಯ ಅಣಬೆ, ಸೊಗಡಿನ ಅವರೆ, ಎಳೆ ಬೆಂಡೆ, ಇಂಥ ಒಳ್ಳೆಯ ಮಾಲು ಬಂದರೆ ಮುಂದೆ ಹರಡುವುದಿಲ್ಲ. ಒದ್ದೆ ಗೋಣಿಯ ಕೆಳಗೆ ಇಟ್ಟಿರುತ್ತೇವೆ. ದಾರಿಹೋಕರು ಕೇಳಿದರೆ “ಖಾಲಿ ಆಯ್ತಮ್ಮ” ಎನ್ನುತ್ತೇವೆ. ಕಾಯಂ ಗಿರಾಕಿ ಬಂದು, “ಏನಪ್ಪಾ, ನಮಗೂ ಇಲ್ವಾ?” ಎಂದು ರಾಗ ಎಳೆದರೆ ಆಗ ಗೋಣಿ ಏಳುತ್ತದೆ. ಇದರಲ್ಲಿ ಮೋಸವಿಲ್ಲ. ನೀವು ನಮ್ಮವರು ಎಂದು ತೋರಿಸುವ ರೀತಿ ಅದು. ತೊಟ್ಟಿಲಿನಿಂದ ಅದರಲ್ಲೇ ಬೆಳೆದ ಅಕ್ಕನಿಗೆ “ಇಲ್ಲ” ಎಂಬ ಮಾತು ವ್ಯಾಪಾರದ ಮೊದಲ ಮಾತು, ಅಷ್ಟೇ. ಲ್ಯಾಬಿನವರು ಊರಿಗೆಲ್ಲ ಇಲ್ಲ ಎನ್ನಲೇಬೇಕು. ಬೆಳಕನ್ನು ದೊಡ್ಡವರಿಗೆಂದು ಎತ್ತಿಟ್ಟಿರುತ್ತಾರೆ. ಸ್ವಂತ ತಂಗಿ ಒಳಗಿರುವಾಗ ತನಗೆ ಸಿಗದೇ ಇರುತ್ತದೆಯೇ?

ಕಾರ್ತಿಕ ಕಳೆಯಿತು, ಕಡಲೆಕಾಯಿ ಪರಿಷೆ ಮುಗಿದು ಬಸವನಗುಡಿಯ ಬೀದಿಗಳಲ್ಲಿ ಸಿಪ್ಪೆ ಮಾತ್ರ ಉಳಿಯಿತು. ನಾನು ಲ್ಯಾಬಿನಿಂದ ಬಂದು ಚಪ್ಪಲಿ ಬಿಡುವಾಗಲೇ ಅಕ್ಕ ಆ ರಾಗ ಎಳೆಯುವಳು: “ನಂಗೂ ಇಲ್ವೇನೇ?” ನಗುತ್ತಲೇ ಕೇಳುವಳು. ನಾನು ಉರಿದು ಬೀಳುವೆ. ಒಂದು ದಿನ ತಟ್ಟೆ ಎತ್ತಿ ಗೋಡೆಗೆ ಬಡಿದೆ. ಸಾರು ದೇವರ ಪಟದ ತನಕ ಹಾರಿತು. ಅಕ್ಕ ಬಟ್ಟೆ ತಂದು ಒರೆಸಿದಳೇ ಹೊರತು ಆಸ್ಪತ್ರೆಯ ಮಾತು ಆಡಲಿಲ್ಲ.

ಭಾವ ಕಡೆಗೆ ಒಂದು ದಾರಿ ಹುಡುಕಿದರು. “ಹೆಂಗೂ ನಿನ್ನ ಬೆಳಕು ಅಂದ್ರೆ ಸೂಜೀನೂ ಹಾಕಿಸ್ಕೋತಾಳೆ. ಅದೇ ಅಂತ ಹೇಳಿ ಕರ್ಕೊಂಡೋಗೋಣ. ಡಾಕ್ಟ್ರು ಅವರ ಸೂಜಿ ಅವರು ಹಾಕ್ಲಿ” ಎಂದರು. ಅಷ್ಟು ಸರಳ ಉಪಾಯ ನನಗೆ ಹೊಳೆದಿರಲಿಲ್ಲ. “ಬಾ ಅಕ್ಕ, ಮೇಷ್ಟ್ರು ಒಪ್ಪಿದ್ರು. ಹಾಕಿಸ್ತೀನಿ” ಎಂದೆ.

“ನಂಗೊತ್ತಿತ್ತು” ಎಂದಳು ಅಕ್ಕ. ಅವಳ ಮುಖ ನೋಡಲು ನನ್ನಿಂದ ಆಗಲಿಲ್ಲ. ಮದುವೆ ಮನೆಗೆ ಹೊರಟವಳ ಹಾಗೆ ಹಸಿರು ರೇಷ್ಮೆ ಸೀರೆ ಉಟ್ಟು, ಒಂದು ಮೊಳ ಮಲ್ಲಿಗೆ ಮುಡಿದು ಆಟೋ ಹತ್ತಿದಳು.

ಆಸ್ಪತ್ರೆಯಲ್ಲಿ ಮೊದಲೇ ಮಾತಾಡಿಟ್ಟಿದ್ದೆ. ಅಕ್ಕ ಮಂಚದ ಮೇಲೆ ಮಲಗಿ, ಕೈ ಎತ್ತಿಟ್ಟುಕೊಂಡು, ನನ್ನನ್ನು ನೋಡಿ ನಗುತ್ತಿದ್ದಳು. ಚಿಕ್ಕ ವಯಸ್ಸಿನ ಡಾಕ್ಟರೊಬ್ಬರು ಸಿರಿಂಜು ಹಿಡಿದು ಬಂದರು. ಒಳಗಿನದನ್ನು ಹೀರಿ ತೆಗೆಯುವ ಸೂಜಿ ಅದು, ಸಿರಿಂಜು ಖಾಲಿ. ಅಕ್ಕ ಕತ್ತು ಎತ್ತಿ ನೋಡಿದಳು.

“ಇದ್ರಲ್ಲಿ ಏನೂ ಇಲ್ವಲ್ಲ.”

“ಇದೆ ಅಕ್ಕ, ಕಣ್ಣಿಗೆ ಕಾಣಲ್ಲ ಅಷ್ಟೇ” ಎಂದೆ.

“ಡಾಕ್ಟ್ರೇ, ಒಂದ್ನಿಮಿಷ ಲೈಟ್ ಆರ್ಸಿ. ಕತ್ತಲಲ್ಲಿ ಹೊಳೀತದೆ ಅದು. ನಾನು ನೋಡಿದೀನಿ.”

ಡಾಕ್ಟರು ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ. ಅಷ್ಟು ಸಾಕಾಯಿತು ಅವಳಿಗೆ. ಜೀವನವಿಡೀ ಗಿರಾಕಿಗಳ ಮುಖ ಓದಿದವಳು. ಎದ್ದು ಕೂತು, ರವಿಕೆಯ ಹುಕ್ಕುಗಳನ್ನು ಒಂದೊಂದಾಗಿ ಹಾಕಿಕೊಂಡು, ಸೆರಗು ಹೊದ್ದು ಹೊರಗೆ ನಡೆದಳು. ಮನೆಯ ಬಾಗಿಲು ತೆಗೆಯುತ್ತ ಒಂದೇ ಮಾತು ಅಂದಳು: “ಊರೋರಿಗೆಲ್ಲ ಏಮಾರ್ಸು, ಬೇಡ ಅನ್ನಲ್ಲ. ನಂಗ್ಯಾಕೇ?”

ಅವತ್ತಿನಿಂದ ಬೆಳಕಿನ ಸುದ್ದಿ ಎತ್ತಲಿಲ್ಲ. ಚಪ್ಪಲಿ ಬಿಡುವಾಗ ರಾಗ ಎಳೆಯಲಿಲ್ಲ. ಉಳಿದ ಮಾತು ಎಲ್ಲ ಆಡುತ್ತಿದ್ದಳು, ಬಸ್ಸು ತಡವಾಯಿತಾ, ಬೆಲ್ಲ ತಂದೆಯಾ, ಆ ನೀಲಿ ಚೂಡಿದಾರ ಬಿಗಿಯಾಗಿದೆ, ಬಿಚ್ಚಿ ಹೊಲಿಸು. ಸದ್ಯ, ಬೆಳಕು ಇಲ್ಲ ಎಂದು ಕೊನೆಗೂ ತಲೆಗೆ ಹೋಯಿತಲ್ಲ ಎಂದುಕೊಂಡೆ. ಇನ್ನು ನಾಲ್ಕು ದಿನ ಬಿಟ್ಟರೆ ತಾನೇ ಆಸ್ಪತ್ರೆಗೆ ಬರುತ್ತಾಳೆ ಎಂದು ಭಾವನಿಗೂ ಧೈರ್ಯ ಹೇಳಿದೆ.

ಶಿವರಾತ್ರಿ ಹೊತ್ತಿಗೆ ಅವಳ ಎಡಗೈ ಊದಿ ಬಾಳೆದಿಂಡಿನಂತಾಯಿತು. ತಕ್ಕಡಿ ಎತ್ತಲು ಆಗದೆ ಗಿರಾಕಿಯ ಮುಂದೆ ಟೊಮ್ಯಾಟೊ ಚೆಲ್ಲಿದಳು. ಅವತ್ತು ಅಂಗಡಿಯಲ್ಲೇ ಎದ್ದು ನಿಂತು ಭಾವನಿಗೆ, “ನಡೀರಿ. ಎಲ್ಲಿ ಬೇಕಾದ್ರೂ ಚುಚ್ಕೊಳ್ಲಿ” ಎಂದಳು. ಚುಚ್ಚಿದರು, ಸ್ಕ್ಯಾನ್ ಮಾಡಿದರು. ಬೆನ್ನುಮೂಳೆಗೆ ಹೋಗಿತ್ತು, ಲಿವರಿಗೂ ಹೋಗಿತ್ತು. ಡಾಕ್ಟರು ನನಗೆ ಇಂಗ್ಲಿಷಿನಲ್ಲಿ ಹೇಳಿದರು. ಅದನ್ನು ಕನ್ನಡಕ್ಕೆ ತಂದು ಭಾವನಿಗೆ ಹೇಳುವ ಪಾಡು ನನ್ನ ಶತ್ರುವಿಗೂ ಬೇಡ. ಒಂದು ದಿನವೂ ದನಿ ಏರಿಸದ ಆ ಮನುಷ್ಯ ಸೈಕಲ್ ಸ್ಟ್ಯಾಂಡಿನ ಕಂಬ ಹಿಡಿದು ಬಾಯಿಬಿಟ್ಟು ಅತ್ತರು.

ಕೀಮೋ ಕೊಟ್ಟರು. ಕೂದಲು ಹೋಯಿತು. ದಿನಾ ಹೂವಿಲ್ಲದೆ ಬಾಗಿಲು ದಾಟದವಳು ಕನ್ನಡಿಯಲ್ಲಿ ಬೋಳು ತಲೆ ಸವರಿಕೊಂಡು, “ನೋಡ್ರೀ, ಹೂವಿನ ಖರ್ಚು ಉಳೀತು ನಿಮಗೆ” ಎಂದು ಭಾವನನ್ನು ರೇಗಿಸಿದಳು. ಅವರು ಮಾತ್ರ ತರುವುದು ಬಿಡಲಿಲ್ಲ. ತಂದ ಮಲ್ಲಿಗೆಯನ್ನು ಅವಳ ದಿಂಬಿನ ಪಕ್ಕ ಇಡುತ್ತಿದ್ದರು.

ಆ ದಿನಗಳಲ್ಲೂ ನಾನು ಲ್ಯಾಬಿಗೆ ಹೋಗಬೇಕಿತ್ತು. ಜೀವಕೋಶಗಳಿಗೆ ಊಟ ಹಾಕದಿದ್ದರೆ ಸಾಯುತ್ತವೆ. ಅಕ್ಕನ ಮೈಯಲ್ಲಿ ಬೆಳೆಯುತ್ತಿರುವುದರ ಜ್ಞಾತಿಗಳನ್ನು ನನ್ನ ಕೈಯಾರೆ ಸಾಕುತ್ತಿದ್ದೇನಲ್ಲ ಎಂದು ಆ ತಟ್ಟೆಗಳನ್ನೆಲ್ಲ ಕಸಕ್ಕೆ ಎಸೆಯಬೇಕು ಅನ್ನಿಸುತ್ತಿತ್ತು. ಎಸೆಯಲಿಲ್ಲ. ಹೋಲಿಕೆಗೆಂದು ತರಿಸಿದ್ದ ಆರೋಗ್ಯವಂತ ಜೀವಕೋಶಗಳು ಆಗ ತಾನೇ ಬೆಳೆದು ತಯಾರಾಗಿದ್ದವು. ಕಣಗಳನ್ನು ಅವಕ್ಕೂ ಹಾಕಿ ನೋಡಬೇಕಿತ್ತು. ಅವು ಕತ್ತಲಾಗಿಯೇ ಇರಬೇಕು, ಆಗ ನಮ್ಮ ವಿಳಾಸ ಸರಿ ಎಂದರ್ಥ.

ಅವೂ ಹೊಳೆದವು. ಅಷ್ಟೇ ಹಸಿರಾಗಿ, ನಡುವೆ ಅದೇ ಕಪ್ಪು ಬಿಟ್ಟುಕೊಂಡು.

ಮತ್ತೆ ಮಾಡಿದೆ, ಮತ್ತೆ ಹಾಗೇ ಬಂತು. ಕೊನೆಗೆ ಬಹಳ ಸಣ್ಣ ತೂತಿನ ಫಿಲ್ಟರಿನಲ್ಲಿ ಕಣಗಳನ್ನೆಲ್ಲ ಸೋಸಿ ತೆಗೆದು, ಬರೀ ನೀರನ್ನು ಜೀವಕೋಶಗಳಿಗೆ ಹಾಕಿದೆ. ಆಗಲೂ ಹೊಳೆದವು. ಅಂದರೆ ನಾವು ಉಂಡೆಯೊಳಗೆ ಕೂಡಿಟ್ಟಿದ್ದೇವೆ ಎಂದುಕೊಂಡಿದ್ದ ಬಣ್ಣ ನಿಧಾನವಾಗಿ ನೀರಿಗೆ ಸೋರುತ್ತಿತ್ತು, ಸೋರಿದ ಬಣ್ಣ ಸಿಕ್ಕಿದ್ದಕ್ಕೆಲ್ಲ ಅಂಟಿಕೊಳ್ಳುತ್ತಿತ್ತು. ಕಣ ಎಲ್ಲಿಗೆ ಹೋಯಿತೋ, ಒಳಗೆ ಹೊಕ್ಕಿತೋ ಇಲ್ಲವೋ, ನಮಗೆ ಗೊತ್ತೇ ಇರಲಿಲ್ಲ. ಆಯುಧಪೂಜೆಯ ದಿನ ಅಕ್ಕ ನೋಡಿದ ಚಿತ್ರ ಏನನ್ನೂ ಗುರುತು ಹಿಡಿದಿರಲಿಲ್ಲ. ಮೇಷ್ಟ್ರು ಚಿತ್ರಗಳನ್ನು ಬಹಳ ಹೊತ್ತು ನೋಡಿ, “ಇದೂ ಒಂದು ಫಲಿತಾಂಶವೇ ಅಮ್ಮ. ಹೀಗಾಯ್ತು ಅಂತಲೇ ಬರಿ” ಎಂದರು. ಮುಂದೆ ಬೇರೆ ಬಣ್ಣ ಬೇಡದ, ಎಳೆಯೇ ತಾನಾಗಿ ಹೊಳೆಯುವ ಪಾಲಿಮರ್ ಹಿಡಿದು ಮೊದಲಿನಿಂದ ಶುರು ಮಾಡಿದೆವು. ಅದು ಸೋರಲಿಲ್ಲ. ಅದರಿಂದಲೇ ನನ್ನ ಪಿಎಚ್‌ಡಿ ಆಯಿತು. ಆದರೆ ಅದು ಆಮೇಲಿನ ಮಾತು. ಅಕ್ಕನಿಗೆ ಅದರ ಸುದ್ದಿ ಮುಟ್ಟಲಿಲ್ಲ.

ಆಷಾಢದ ಒಂದು ಮಧ್ಯಾಹ್ನ ಲ್ಯಾಬಿನಿಂದ ಬೇಗ ಬಂದೆ. ಗಾಳಿಗೆ ಕಿಟಕಿ ಬಡಿದುಕೊಳ್ಳುತ್ತಿತ್ತು. ಅಕ್ಕನನ್ನು ಮುಂದಿನ ಕೋಣೆಯಲ್ಲಿ ಮಲಗಿಸಿದ್ದೆವು. ಅಷ್ಟು ಹೊತ್ತಿಗೆ ಅವಳು ಒಂದು ಲೋಟ ಗಂಜಿಗಿಂತ ಹೆಚ್ಚು ಕುಡಿಯುತ್ತಿರಲಿಲ್ಲ. ನಾನು ಕಿಟಕಿ ಹಾಕಿ ಅವಳ ಕಾಲ ಬಳಿ ಕೂತೆ.

“ಏನೇ, ಮುಖ ಹಿಂಗ್ ಊದಿಸ್ಕೊಂಡಿದೀಯ?”

“ಪ್ರಯೋಗ ಕೆಟ್ಟೋಯ್ತಕ್ಕ.”

“ಯಾವ್ದು?”

“ಅವತ್ತು ಪೂಜೆ ದಿನ ನೋಡಿದ್ಯಲ್ಲ, ಹಸಿರು ಬೆಳಕು. ಅದೆಲ್ಲ ತಪ್ಪು. ಒಳಗಿದ್ದ ಬಣ್ಣ ಸೋರಿ ಎಲ್ಲಕ್ಕೂ ಅಂಟ್ಕೊಂಡಿತ್ತು. ಒಳ್ಳೇದು ಯಾವ್ದು, ಕೆಟ್ಟದ್ಯಾವ್ದು, ಏನೂ ಗೊತ್ತಾಗ್ತಿರ್ಲಿಲ್ಲ ಅದಕ್ಕೆ.”

“ಬಣ್ಣ ಹಾಕಿದ ಬಟಾಣಿ ನೆನೆಸಿದ್ರೆ ನೀರೆಲ್ಲ ಹಸ್ರಾಗುತ್ತಲ್ಲ, ಹಂಗಾ?”

“ಹಂಗೇ.”

ಅಕ್ಕ ಹೊದಿಕೆ ಎಳೆದುಕೊಂಡಳು. ನಿದ್ದೆ ಬಂತೇನೋ ಎಂದುಕೊಂಡೆ. ಕಣ್ಣು ಮುಚ್ಚಿಕೊಂಡೇ ಕೇಳಿದಳು: “ಅಂದ್ರೆ, ಅವತ್ತೂ ಇರ್ಲಿಲ್ವಾ?”

“ಇರ್ಲಿಲ್ಲ.”

“ದೊಡ್ಡೋರಿಗೂ ಕೊಟ್ಟಿಲ್ಲ? ಯಾರಿಗೂ?”

“ಯಾರಿಗೂ ಇಲ್ಲ ಅಕ್ಕ. ಅಂಥದ್ದೇ ಇಲ್ಲ. ಅಮ್ಮನಾಣೆಗೂ ಇಲ್ಲ.”

ಅಕ್ಕ ಕಣ್ಣು ತೆರೆದು ನನ್ನನ್ನು ನೋಡಿದಳು. ಎಷ್ಟೋ ತಿಂಗಳಿಂದ ಅವಳು ಹಾಗೆ ನೇರವಾಗಿ ನೋಡಿರಲಿಲ್ಲ ಎಂದು ನನಗೆ ಆಗಲೇ ಗೊತ್ತಾದದ್ದು. ಮೂಳೆ ಮೂಳೆಯಾಗಿದ್ದ ಮುಖದಲ್ಲಿ ನಗು ಬಂತು.

“ಅಯ್ಯೋ ನನ್ನ ತಾಯಿ. ನಾನು, ನಿನ್ ಹತ್ರ ಇದೆ, ಇಟ್ಕೊಂಡು ನಂಗ್ ಮಾತ್ರ ಕೊಡ್ತಿಲ್ಲ ಅಂದ್ಕೊಂಡಿದ್ದೆ ಕಣೇ.”

ಗೌರಿ ಹಬ್ಬಕ್ಕೆ ಮೊದಲೇ ಅಕ್ಕ ಹೋದಳು. ಅವಳು ಸತ್ತದ್ದನ್ನು ಹೇಗೋ ತಡೆದುಕೊಂಡೆ. ತಡೆಯಲಾಗದ್ದು ಆ ಮಾತು. ತನ್ನ ಜೀವ ಉಳಿಸುವ ಬೆಳಕನ್ನೇ ತಂಗಿ ಬಚ್ಚಿಟ್ಟುಕೊಂಡು ಇಲ್ಲ ಎನ್ನುತ್ತಿದ್ದಾಳೆಂದು ನಂಬಿಕೊಂಡೇ, ಕೈ ಊದಿ ತರಕಾರಿ ಹಿಡಿದು ಹೆಚ್ಚಲಾಗದ ದಿನದ ತನಕ, ಅವಳು ಪ್ರತಿ ಬೆಳಿಗ್ಗೆ ಬಿಸಿ ಬಿಸಿಯಾಗಿ ಮಾಡಿ ನನಗೆ ಮಧ್ಯಾಹ್ನದ ಡಬ್ಬಿ ಕಟ್ಟಿ ಕಳಿಸಿದ್ದಳು.